ಕೊನೆಯ ಬಸ್ಸು ಮತ್ತು ತನಿ ಆವರ್ತನ

ಸಂಜೆ ಹೊತ್ತು ಮದ್ದೂರು ರೈಲು ನಿಲ್ದಾಣದಲ್ಲಿ ನಿಂತವರಿಗೆ ಎರಡು ದಿಕ್ಕು. ಒಂದು ಕಡೆ ಬೆಂಗಳೂರು. ಇನ್ನೊಂದು ಕಡೆ, ಮಂಡ್ಯ ದಾಟಿದರೆ, ಮೈಸೂರು. ಎರಡೂ ಊರುಗಳಲ್ಲಿ ಸಂಗೀತ ಸಭೆಗಳಿವೆ, ಸಭಾಂಗಣಗಳಿವೆ, ಹಬ್ಬದ ದಿನಗಳಲ್ಲಂತೂ ಬೀದಿಯ ಚಪ್ಪರದಲ್ಲೂ ಕಛೇರಿ ನಡೆಯುತ್ತದೆ. ನಡುವಿನ ಮದ್ದೂರಿಗೆ ವಡೆಯ ಖ್ಯಾತಿ, ಮಂಡ್ಯಕ್ಕೆ ಸಕ್ಕರೆಯ ಖ್ಯಾತಿ. ಒಳ್ಳೆಯ ಕಛೇರಿಯೊಂದನ್ನು ಕೇಳಬೇಕೆಂದರೆ ಮಾತ್ರ ರೈಲು ಹತ್ತಬೇಕು.

ಮಳವಳ್ಳಿಯವರಿಗೆ ರೈಲಿಗೂ ಮುಂಚೆ ಒಂದು ಬಸ್ಸು. ಬೆಂಗಳೂರಿನಿಂದ ಹೊರಟು 1882ರಲ್ಲಿ ಮೈಸೂರು ಮುಟ್ಟಿದ ರೈಲುದಾರಿ ಮಳವಳ್ಳಿಯ ಕಡೆ ತಿರುಗಿಯೂ ನೋಡಲಿಲ್ಲ. ಇಂದಿಗೂ ಆ ಊರಿಗೆ ರೈಲಿಲ್ಲ. ಮದ್ದೂರಿಗೆ ಸುಮಾರು 25 ಕಿಲೋಮೀಟರ್ ಹೋಗಿ ರೈಲು ಹಿಡಿಯಬೇಕು. ಇಲ್ಲವೇ ಬನ್ನೂರಿನ ಮೇಲೆ ಮೈಸೂರಿಗೋ ಹಲಗೂರು, ಕನಕಪುರದ ಮೇಲೆ ಬೆಂಗಳೂರಿಗೋ ಬಸ್ಸಿನಲ್ಲೇ ಹೋಗಬೇಕು. ಹೋಗುವುದು ಕಷ್ಟವಲ್ಲ. ಕಛೇರಿ ಮುಗಿಸಿಕೊಂಡು ಮನೆಗೆ ಮರಳುವುದು ಕಷ್ಟ.

ಸಂಗೀತ ಕಲಿಯುವ ಮಗು ಮನೆಯಲ್ಲಿದ್ದರೆ ಈ ಕಷ್ಟಕ್ಕೆ ಇನ್ನೊಂದು ಮುಖ ಬರುತ್ತದೆ. ಪಾಠಕ್ಕೇನೂ ಕೊರತೆಯಿಲ್ಲ. ಸರಳೆ, ಜಂಟಿವರಸೆ, ಅಲಂಕಾರ, ಗೀತೆ, ವರ್ಣ ಎಂದು ಒಂದೊಂದೇ ಮೆಟ್ಟಿಲು ಹತ್ತಿಸುವ ಗುರುಗಳು ಸಣ್ಣ ಊರುಗಳಲ್ಲೂ ಇದ್ದಾರೆ. ಆದರೆ ಎದುರಿಗೆ ಕೂತು ಒಂದೇ ಒಂದು ಪೂರ್ಣ ಕಛೇರಿಯನ್ನು ಕೇಳದೆಯೂ ಜೂನಿಯರ್ ಪರೀಕ್ಷೆ ಪಾಸು ಮಾಡಬಹುದು. ತೊಂದರೆ ಇರುವುದು ಅಲ್ಲೇ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡ ಕಲ್ಯಾಣಿ ರಾಗದ ಆರೋಹಣ, ಅವರೋಹಣ ಒಂದು ಸಾಲು. ವೇದಿಕೆಯ ಮೇಲೆ ಅದೇ ಕಲ್ಯಾಣಿ ಮುಕ್ಕಾಲು ಗಂಟೆ ಬೆಳೆಯುತ್ತದೆ. ಗಾಯಕರು ಬಿಟ್ಟ ಜಾಗವನ್ನು ಪಿಟೀಲು ಹೇಗೆ ತುಂಬುತ್ತದೆ, ತಾಳ ಒಂದು ಎಣಿಕೆ ಜಾರಿದಾಗ ಮೃದಂಗದವರು ಮುಖ ನೋಡಿಯೇ ಹೇಗೆ ಸರಿಪಡಿಸುತ್ತಾರೆ ಎಂಬುದೆಲ್ಲ ಎದುರಿಗೆ ಕೂತವರಿಗೆ ಮಾತ್ರ ಕಾಣುತ್ತದೆ. ಮೊಬೈಲಿನಲ್ಲಿ ಈಗ ಬೇಕಾದ ವಿದ್ವಾಂಸರೆಲ್ಲ ಸಿಗುತ್ತಾರೆ, ನಿಜ. ಅಲ್ಲಿ ಬೇಸರವಾದ ಕೂಡಲೇ ಬೆರಳು ಮುಂದಕ್ಕೆ ಸರಿಯುತ್ತದೆ. ಸಭೆಯಲ್ಲಿ ಹಾಗೆ ಸರಿಸಲಾಗದು, ಕೂತು ಕೇಳಬೇಕು.

ಈ ನೆಲಕ್ಕೆ ಸಂಗೀತ ಹೊಸದೆಂದಲ್ಲ. ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಹೆಸರನ್ನು ಹೊತ್ತವರು ಮೈಸೂರು ಆಸ್ಥಾನದ ಗಾಯಕರಾದ ಬೆಳಕವಾಡಿ ಶ್ರೀನಿವಾಸ ಅಯ್ಯಂಗಾರ್ಯರು. ರಂಗಭೂಮಿಯ ನಟಿ, ಗಾಯಕಿ ಸುಂದರಮ್ಮನವರ ಹೆಸರಿನ ಮುಂದೆ ಮಳವಳ್ಳಿಯೇ ಇತ್ತು. ಅಲ್ಲಿಂದ ಸ್ವಲ್ಪ ಮುಂದೆ ಕಾವೇರಿ, ಕಪಿಲೆ ಕೂಡುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದವರು ಏಳು ತಂತಿಯ ಪಿಟೀಲಿನ ಟಿ. ಚೌಡಯ್ಯ. ಇನ್ನು ಮಂಟೇಸ್ವಾಮಿಯ ಒಕ್ಕಲಾದ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಹಾಡುತ್ತಾರೆ. ಅವರ ಮುಂದೆ ಕೂತವರಿಗೆ ಕೊನೆಯ ಬಸ್ಸಿನ ಚಿಂತೆ ಇರುವುದಿಲ್ಲ, ಬೆಳಗಿನ ಬಸ್ಸು ಇದ್ದೇ ಇದೆ. ಆದರೆ ಶಾಸ್ತ್ರೀಯ ಸಂಗೀತ ಅರಮನೆ ಇದ್ದ ಕಡೆ, ಸಭೆಗಳಿದ್ದ ಕಡೆ ಸೇರಿತು. ಮಳವಳ್ಳಿ ತಾಲ್ಲೂಕಿನದೇ ಆದ ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಹಾಡುವವರದೂ ಹೆಚ್ಚುಕಡಿಮೆ ಅದೇ ಕಥೆ. ಚೌಡಯ್ಯನವರ ನೆನಪಿಗೆ 1980ರಲ್ಲಿ ಪಿಟೀಲಿನ ಆಕಾರದಲ್ಲೇ ಸಭಾಂಗಣ ಎದ್ದದ್ದು ಬೆಂಗಳೂರಿನಲ್ಲಿ.

ಹಾಗಾಗಿ ಇಲ್ಲಿಯ ಕೇಳುಗರು ಕಛೇರಿಗಳನ್ನು ಹುಡುಕಿಕೊಂಡು ಹೋಗುವುದನ್ನು ಕಲಿತರು. ಅದಕ್ಕೆ ಮೊದಲು ಬೇಕಾದದ್ದು ಪಂಚಾಂಗ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಹುಟ್ಟಿದ ಶ್ರೀ ರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ, ಕೋಟೆ ಹೈಸ್ಕೂಲಿನ ಮೈದಾನದ ಚಪ್ಪರದಿಂದ ಹೆಸರಾದದ್ದು, ವಾರಗಟ್ಟಲೆ ನಡೆಯುತ್ತದೆ. ಯಾವ ವಿದ್ಯಾರ್ಥಿಗೂ ಇದಕ್ಕಿಂತ ದೊಡ್ಡ ಪಾಠಶಾಲೆ ಬೇಕಿಲ್ಲ. ಆದರೆ ಅದು ಬರುವುದು ಪರೀಕ್ಷೆಯ ಬಿಸಿಯ ಆಸುಪಾಸಿನಲ್ಲೇ. ಶ್ರೀರಾಮ ಹುಟ್ಟಿದ ತಿಂಗಳನ್ನು ಬದಲಾಯಿಸಲು ಪರೀಕ್ಷಾ ಮಂಡಳಿಗೂ ಸಾಧ್ಯವಿಲ್ಲವಲ್ಲ! ಎಸ್ಸೆಸ್ಸೆಲ್ಸಿ, ಪಿಯುಸಿ ಓದುವ ಮಕ್ಕಳಿರುವ ಮನೆಗಳಲ್ಲಿ ಆ ವರ್ಷದ ರಾಮನವಮಿಗೆ ಪಾನಕ, ಕೋಸಂಬರಿ ಅಷ್ಟೇ.

ಗಣೇಶನ ಹಬ್ಬ ಹೆಚ್ಚು ಅನುಕೂಲ. ಮೈಸೂರಿನ ವಾಣಿವಿಲಾಸ ಮೊಹಲ್ಲಾದ 8ನೇ ಕ್ರಾಸಿನ ಗಣಪತಿಯ ಮುಂದೆ 1960ರ ದಶಕದಿಂದ ನಡೆದುಬಂದಿರುವ ಕಛೇರಿಗಳಿಗೆ ದೊಡ್ಡ ದೊಡ್ಡ ವಿದ್ವಾಂಸರು ಬಂದು ಹಾಡಿ ಹೋಗಿದ್ದಾರೆ. ರಸ್ತೆಯ ಚಪ್ಪರ, ಹಿಂದಿನ ಸಾಲಿನಲ್ಲಿ ಕೂತು ನಡುವೆ ಎದ್ದು ಹೊರಟರೂ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ. ಬಸ್ಸು ಹಿಡಿಯಬೇಕಾದವರಿಗೆ ಇದು ಸಣ್ಣ ಸೌಲಭ್ಯವಲ್ಲ. ನಂತರ ದಸರಾ. ಶಾಲೆಗೆ ರಜೆ, ಅರಮನೆಯ ಮುಂದೆ ವೇದಿಕೆ, ನೆಂಟರ ಮನೆ ಇದ್ದರೆ ರಾತ್ರಿ ಉಳಿಯಲು ಕಾರಣ. ಜಿಲ್ಲೆಯೊಳಗೇ ಶ್ರೀರಂಗಪಟ್ಟಣದ ದಸರಾ ಕೂಡ ಉಂಟು. ಡಿಸೆಂಬರಿನಲ್ಲಿ ಚೆನ್ನೈಗೆ ಹೋಗಬಲ್ಲವರು ನೆನಪಿಡಬೇಕಾದದ್ದು ಒಂದೇ: ಅಲ್ಲಿ ಸಂಜೆಯ ಕಛೇರಿಗಳ ಟಿಕೆಟ್ಟಿಗೆ ಪೈಪೋಟಿ ಇರುತ್ತದೆ, ಆದರೆ ಮಧ್ಯಾಹ್ನ ಎಳೆಯ ಕಲಾವಿದರು ಹಾಡುವ ಹೊತ್ತಿಗೆ ಅನೇಕ ಸಭೆಗಳ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ವಿದ್ಯಾರ್ಥಿಗೆ ತನ್ನದೇ ವಯಸ್ಸಿನವರನ್ನು ಕೇಳುವುದರಿಂದ ಆಗುವ ಲಾಭ ಬೇರೆಯದೇ.

ಎರಡನೆಯದು ವಿಚಾರಣೆ. ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ದ ಸಣ್ಣ ಅಕ್ಷರ, ದೇವಸ್ಥಾನದ ಗೋಡೆಗೆ ಅಂಟಿಸಿದ ಕರಪತ್ರ, ಪಾಠದ ಗುರುಗಳ ಬಾಯಿಮಾತು ಇವು ಹಳೆಯ ದಾರಿಗಳು. ಈಗ ಮೊಬೈಲು ಬಂದು ಕೆಲಸ ಸುಲಭವಾಗಿದೆ. ಆದರೆ ಅದು ಮೊದಲು ತೋರಿಸುವುದು ದುಬಾರಿ ಟಿಕೆಟ್ಟಿನ, ದೊಡ್ಡ ಜಾಹೀರಾತಿನ ಕಾರ್ಯಕ್ರಮಗಳನ್ನು. ರಾಮಮಂದಿರದ ಹಜಾರದಲ್ಲಿ ಐವತ್ತು ಜನರ ಮುಂದೆ ನಡೆಯುವ ವೀಣೆಯ ಕಛೇರಿ ಅದಕ್ಕೆ ಗೊತ್ತಿರುವುದಿಲ್ಲ. ಅದು ಗೊತ್ತಿರುವುದು ಹಿಂದಿನ ಕಛೇರಿಯಲ್ಲಿ ಪಕ್ಕದ ಕುರ್ಚಿಯಲ್ಲಿ ಕೂತು ತಾಳ ಹಾಕುತ್ತಿದ್ದ ಹಿರಿಯರಿಗೆ. ಒಂದು ಕಛೇರಿಗೆ ಹೋದವರಿಗೆ ಮುಂದಿನ ಮೂರರ ಸುದ್ದಿ ಸಿಗುತ್ತದೆ.

ಮೂರನೆಯದು ಗಡಿಯಾರ. ಕಛೇರಿಯ ಮುಖ್ಯ ರಾಗ ಮುಗಿದು ತನಿ ಆವರ್ತನ ಶುರುವಾಗುವ ಹೊತ್ತಿಗೆ ನಗರದ ಕೆಲವು ರಸಿಕರು ಕಾಫಿಗೆ ಏಳುವುದುಂಟು. ಮಂಡ್ಯ, ಮದ್ದೂರಿನವರೂ ಅದೇ ಹೊತ್ತಿಗೆ ಏಳುತ್ತಾರೆ, ಆದರೆ ಕಾಫಿಗಲ್ಲ. ಮೃದಂಗ ಕಲಿಯುವ ಹುಡುಗನನ್ನು ಅಷ್ಟು ದೂರ ಕರೆದೊಯ್ದು ತನಿ ಶುರುವಾದ ಕೂಡಲೇ ಎಬ್ಬಿಸಿಕೊಂಡು ಬರುವ ಅಪ್ಪನ ಸಂಕಟ ಹೇಳತೀರದು. ತನಿಯ ನಂತರದ ದೇವರನಾಮಗಳು, ಕೊನೆಯ ಮಂಗಳ ಇವನ್ನು ವರ್ಷಗಟ್ಟಲೆ ಕೇಳದೇ ಉಳಿದವರಿದ್ದಾರೆ. 2023ರಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೊಸ ಹೆದ್ದಾರಿಯಿಂದ ಕಾರಿದ್ದವರಿಗೆ ದಾರಿ ಚಿಕ್ಕದಾಯಿತು. ಆದರೆ ಅದು ಮದ್ದೂರು, ಮಂಡ್ಯ ಎರಡನ್ನೂ ಪಕ್ಕಕ್ಕೆ ಬಿಟ್ಟು ಸಾಗುತ್ತದೆ. ಬಸ್ಸಿನಲ್ಲಿ ಬರುವವರು ತಾವು ಹತ್ತುವ ಬಸ್ಸು ಊರೊಳಗೆ ಬರುತ್ತದೆಯೇ ಎಂದು ಕಂಡಕ್ಟರರನ್ನು ಕೇಳಿಯೇ ಹತ್ತಬೇಕು. ಭಾನುವಾರದ ಬೆಳಗಿನ ಕಛೇರಿಗಳನ್ನು ಆರಿಸಿಕೊಂಡರೆ ಈ ತಾಪತ್ರಯವೇ ಇಲ್ಲ. ಅಂಥವು ಕಡಿಮೆ, ಆದರೆ ಹುಡುಕಿದರೆ ಉಂಟು.

ಪಂಚಾಂಗ, ವಿಚಾರಣೆ, ಗಡಿಯಾರ ಈ ಮೂರೂ ಕಡಲಾಚೆಗೂ ಹಾಗೆಯೇ ನಡೆಯುತ್ತವೆ. ಈ ತಾಲ್ಲೂಕುಗಳ ಮಕ್ಕಳು ಓದಲೆಂದು ಇಂಗ್ಲೆಂಡ್, ಜರ್ಮನಿ, ಅಮೆರಿಕಕ್ಕೆ ಹೋಗುತ್ತಿದ್ದಾರೆ. ನೋಡಿಬರಲು ತಂದೆತಾಯಿ ಬೇಸಿಗೆಯಲ್ಲಿ ಹೊರಡುತ್ತಾರೆ. ಅಲ್ಲಿಯೂ ಸಂಗೀತಕ್ಕೆ ಋತುವಿದೆ. ವಿಯೆನ್ನಾದ ಒಪೆರಾ ಮನೆ ಜುಲೈ, ಆಗಸ್ಟಿನಲ್ಲಿ ಮುಚ್ಚಿರುತ್ತದೆ. ತಿಳಿಯದೆ ಹೋದವರು ಕಟ್ಟಡದ ಮುಂದೆ ಫೋಟೋ ತೆಗೆಸಿಕೊಂಡು ಬರಬೇಕಾಗುತ್ತದೆ. ಅದೇ ತಿಂಗಳುಗಳಲ್ಲಿ ಸಾಲ್ಸ್‌ಬರ್ಗ್‌ನಲ್ಲಿ ಉತ್ಸವ ನಡೆಯುತ್ತದೆ, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಪ್ರಾಮ್ಸ್ ನಡೆಯುತ್ತದೆ. 1895ರಲ್ಲಿ ಶುರುವಾದ ಈ ಪ್ರಾಮ್ಸ್‌ನ ವಿಶೇಷವೆಂದರೆ ಅಂದಂದೇ ಮಾರುವ, ನಿಂತು ಕೇಳುವ ಅಗ್ಗದ ಟಿಕೆಟ್ಟು. ವಾದ್ಯವೃಂದಕ್ಕೆ ತೀರ ಹತ್ತಿರದ ಜಾಗವೇ ನಿಂತವರದು. ಒಪೆರಾ ತೆರೆದಿರುವಾಗ ವಿಯೆನ್ನಾದಲ್ಲೂ ನಿಂತು ಕೇಳುವವರಿಗೆ ಜಾಗವಿದೆ. ಆಮ್‌ಸ್ಟರ್‌ಡಾಮಿನ ಕನ್ಸರ್ಟ್‌ಖೆಬೌದಲ್ಲಿ ಋತುವಿನ ಬುಧವಾರಗಳಂದು ಮಧ್ಯಾಹ್ನದ ಊಟದ ವೇಳೆಗೆ ಅರ್ಧ ಗಂಟೆಯ ಉಚಿತ ಕಛೇರಿ ಇರುತ್ತದೆ. ಸಂಗೀತ ವಿಭಾಗವಿರುವ ವಿಶ್ವವಿದ್ಯಾಲಯದಲ್ಲಿ ಓದುವವರಂತೂ ದೂರ ಹೋಗಬೇಕಿಲ್ಲ; ಅಲ್ಲಿನ ವಿದ್ಯಾರ್ಥಿಗಳ ಕಛೇರಿಗಳಿಗೆ ಸಾಮಾನ್ಯವಾಗಿ ಹಣವಿಲ್ಲ, ನೋಟೀಸ್ ಬೋರ್ಡ್ ನೋಡಿದರೆ ಸಾಕು. ನಮ್ಮದೇ ಸಂಗೀತ ಬೇಕೆಂದರೆ ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ 1978ರಿಂದ ಈಸ್ಟರಿನ ಸುಮಾರಿಗೆ ತ್ಯಾಗರಾಜರ ಆರಾಧನೆ ನಡೆಯುತ್ತಿದೆ.

ಅಲ್ಲಿಯ ಒಂದು ರೀತಿ ಮಾತ್ರ ಮೊದಲೇ ತಿಳಿದಿರಬೇಕು. ತಡವಾಗಿ ಹೋದವರನ್ನು ಒಂದು ಕೃತಿ ಮುಗಿಯುವ ತನಕ ಬಾಗಿಲಲ್ಲೇ ನಿಲ್ಲಿಸುತ್ತಾರೆ. ಕೃತಿಯ ಭಾಗಗಳ ನಡುವೆ ಮೌನ ಬಂದಾಗ ಚಪ್ಪಾಳೆ ತಟ್ಟುವುದಿಲ್ಲ. ತೊಡೆಯ ಮೇಲೆ ತಾಳ ಹಾಕಿ, ಸಂಗತಿಗೊಂದು ‘ಭಲೆ’ ಹೇಳಿ ಅಭ್ಯಾಸವಾದ ಕೈಬಾಯಿಗೆ ಮೊದಮೊದಲು ಇದು ಶಿಕ್ಷೆಯೇ.

ದೂರದ ಈ ಸಂಗೀತಕ್ಕೂ ಹಳೆಯ ಮೈಸೂರು ಸೀಮೆಗೂ ನಂಟು ಇತ್ತು. ಜಯಚಾಮರಾಜ ಒಡೆಯರು ಪಿಯಾನೊ ಬಲ್ಲವರು, ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರು. ರಷ್ಯಾದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟವರೂ ಅವರೇ. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತೀರಿಕೊಂಡ ಮೇಲೆ, ಅವರ ಕೊನೆಯ ನಾಲ್ಕು ಗೀತೆಗಳ ಮೊದಲ ಪ್ರದರ್ಶನ 1950ರ ಮೇ 22ರಂದು ಅದೇ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನಡೆಯಿತು. ಹಾಡಿದವರು ಕರ್ಸ್ಟನ್ ಫ್ಲಾಗ್‌ಸ್ಟಾಡ್. ಅದಕ್ಕೆ ಹಣದ ಖಾತರಿ ನಿಂತವರು ಒಡೆಯರು, ಅದನ್ನು ಮುದ್ರಿಸಿ ಮೈಸೂರಿಗೆ ಕಳುಹಿಸುವ ಏರ್ಪಾಡೂ ಆಗಿತ್ತು. ಮಹಾರಾಜರಿಗೂ ದೂರ ದೂರವೇ.

ಮಳವಳ್ಳಿಯಿಂದ ಹೋಗಿ ಆ ಹಾಲಿನಲ್ಲಿ ನಿಂತು ಕೇಳುವ ವಿದ್ಯಾರ್ಥಿಗೆ ರೆಕಾರ್ಡ್ ತಲುಪುವ ತನಕ ಕಾಯಬೇಕಿಲ್ಲ. ಕಛೇರಿ ರಾತ್ರಿ ಒಂಬತ್ತೂವರೆಯ ಸುಮಾರಿಗೆ ಮುಗಿಯುತ್ತದೆ. ಬೇಸಿಗೆಯಾದ್ದರಿಂದ ಹೊರಗೆ ಇನ್ನೂ ಒಂದಿಷ್ಟು ಬೆಳಕು. ಇಲ್ಲಿ ಆಗ ನಡುರಾತ್ರಿ ಕಳೆದು ಎರಡು ಗಂಟೆ. ಮಳವಳ್ಳಿಯ ಮನೆಯಲ್ಲಿ ಎಚ್ಚರವಾಗಿ ಕೂತ ಅಮ್ಮ ಫೋನೆತ್ತಿ ಮೊದಲು ಕೇಳುವುದು ಹಾಡು ಹೇಗಿತ್ತೆಂದಲ್ಲ. ಬಸ್ಸು ಸಿಕ್ಕಿತೇ ಎಂದು.