ಗುಳ್ಳಕಾಯಜ್ಜಿಯನ್ನು ನೋಡಲು ಹೊರಟ ನಮ್ಮಜ್ಜಿ

ಶ್ರವಣಬೆಳಗೊಳಕ್ಕೆ ಹೋಗುವವರೆಲ್ಲ ಗೊಮ್ಮಟನನ್ನು ನೋಡಲು ಹೋಗುತ್ತಾರೆ. ನಮ್ಮಜ್ಜಿ ಮಾತ್ರ ಗುಳ್ಳಕಾಯಜ್ಜಿಯನ್ನು ನೋಡಲು ಹೋಗುತ್ತಿದ್ದಳು. “ಅವನನ್ನ ನೋಡೋಕೆ ಲೋಕವೇ ಬರ್ತದೆ. ಆ ಮುದುಕಿಯನ್ನ ಯಾರು ಮಾತಾಡಿಸ್ತಾರೆ?” ಎನ್ನುವುದು ಅವಳ ವಾದ.

ಅಜ್ಜಿಯ ವಾದಗಳಿಗೆ ನಮ್ಮ ಮನೆಯಲ್ಲಿ ಎದುರು ಮಾತೇ ಇರಲಿಲ್ಲ. ತಿಪಟೂರಿನ ಹತ್ತಿರದ ನಮ್ಮ ತೋಟದಲ್ಲಿ ಒಂದೊಂದು ತೆಂಗಿನ ಮರಕ್ಕೂ ಅವಳು ಒಂದೊಂದು ಹೆಸರಿಟ್ಟಿದ್ದಳು. ಕಾಯಿ ಕಡಿಮೆ ಬಿಟ್ಟ ಮರದ ಜೊತೆ ಒಂದು ವಾರ ಮಾತು ಬಿಡುತ್ತಿದ್ದಳು. ಊರಿನವರು ನಗುತ್ತಿದ್ದರು. ನನಗೆ ಅದರಲ್ಲಿ ನಗುವಂಥದ್ದೇನೂ ಕಾಣುತ್ತಿರಲಿಲ್ಲ. ಅಜ್ಜಿಯ ಪರವಾಗಿ ಆ ಮರಗಳಿಗೆ ಗುಟ್ಟಾಗಿ ಸಮಾಧಾನ ಹೇಳಿ ಬರುವ ಕೆಲಸ ನನ್ನದಾಗಿತ್ತು.

ನಾನು ಆರನೇ ತರಗತಿಯಲ್ಲಿದ್ದ ವರ್ಷ ಅಜ್ಜಿಯ ಕಣ್ಣಿಗೆ ಗ್ಲಾಕೋಮಾ ಎಂದು ಗೊತ್ತಾಯಿತು. ಹೋದ ನೋಟ ತಿರುಗಿ ಬರುವುದಿಲ್ಲ, ಉಳಿದಿರುವುದನ್ನು ಔಷಧಿಯಿಂದ ಕಾಪಾಡಿಕೊಳ್ಳಬೇಕು ಎಂದರು ಡಾಕ್ಟರು. ಸುತ್ತಲಿನದೆಲ್ಲ ಮಸುಕಾಗಿ, ನಡುವೆ ಒಂದಿಷ್ಟು ಮಾತ್ರ ಉಳಿದಿತ್ತು. “ಒಲೆ ಊದೋ ಕೊಳವೆಯಲ್ಲಿ ನೋಡ್ದಂಗೆ ಕಾಣ್ತದೆ” ಎಂದು ಅಜ್ಜಿಯೇ ಹೇಳಿದಳು. ಈ ವರ್ಷ ಬೆಟ್ಟ ಬೇಡ ಎಂದು ಅಮ್ಮ ಗೋಗರೆದರೂ ಕೇಳಲಿಲ್ಲ. “ನನ್ನ ಕಣ್ಣು ಇಲ್ಲಿ ನಿಂತಿದೆಯಲ್ಲ” ಎಂದು ನನ್ನ ತಲೆ ಮುಟ್ಟಿದಳು.

ಹಾಗೆ ನಾವಿಬ್ಬರೂ ನುಗ್ಗೇಹಳ್ಳಿ ಮೇಲೆ ಹೋಗುವ ಬಸ್ಸು ಹತ್ತಿ, ಚನ್ನರಾಯಪಟ್ಟಣದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದೆವು. ಬೆಳಗೊಳದಲ್ಲಿ ಎರಡು ಬೆಟ್ಟಗಳು. ಚಿಕ್ಕದು ಚಂದ್ರಗಿರಿ, ದೊಡ್ಡದು ವಿಂಧ್ಯಗಿರಿ. ನಡುವೆ ಕಲ್ಯಾಣಿ. ಬಿಳಿಯ ಕೊಳ, ಅಂದರೆ ಬೆಳ್ಗೊಳ. ಊರಿಗೆ ಹೆಸರು ಬಂದದ್ದೇ ಅದರಿಂದ ಎನ್ನುತ್ತಾರೆ. ದೊಡ್ಡ ಬೆಟ್ಟದ ಎತ್ತರ ನೆಲದಿಂದ ಸುಮಾರು 470 ಅಡಿ. ಬಂಡೆಯನ್ನೇ ಕಡಿದು ಮೆಟ್ಟಿಲು ಮಾಡಿದ್ದಾರೆ. ಚಪ್ಪಲಿ ಕೆಳಗೇ ಬಿಡಬೇಕು. ಬಿಸಿಲೇರಿದರೆ ಬಂಡೆ ಕಾದ ಹೆಂಚು, ಆದ್ದರಿಂದ ನೀವು ಹೋಗುವುದಾದರೆ ಬೆಳಿಗ್ಗೆಯೇ ಹತ್ತಿಬಿಡಿ. ಅಜ್ಜಿ ಕಾಲುಚೀಲ ತಂದಿದ್ದಳು, ಒಂದು ಕೆಂಪು, ಒಂದು ನೀಲಿ. “ಎಡ ಯಾವುದು ಬಲ ಯಾವುದು ಅಂತ ಕಾಲಿಗೂ ಗೊತ್ತಾಗಬೇಕಲ್ಲ!”

ಡೋಲಿಯವರು ಬಂದು ಕೂರಿಸಿಕೊಂಡು ಹೋಗುತ್ತೇವೆಂದರು. “ನಾಲ್ಕು ಜನ ಹೊತ್ಕೊಂಡು ಹೋಗೋದು ಒಂದೇ ಸಲ ಕಣಪ್ಪ, ಅದಕ್ಕಿನ್ನೂ ಟೈಮಿದೆ” ಎಂದಳು. ಅವರೂ ನಕ್ಕುಬಿಟ್ಟರು.

ಬೆಟ್ಟಕ್ಕೆ ಎಷ್ಟು ಮೆಟ್ಟಿಲು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ಅಜ್ಜಿಯದು ಹುಣಸೆಬೀಜದ ಲೆಕ್ಕ. ಐವತ್ತು ಮೆಟ್ಟಿಲಿಗೊಮ್ಮೆ ಕೂತು, ಸೆರಗಿನ ಒಂದು ಗಂಟಿನಿಂದ ಒಂದು ಬೀಜ ತೆಗೆದು ಇನ್ನೊಂದು ಗಂಟಿಗೆ ಹಾಕುವುದು. ಕೂತಾಗಲೆಲ್ಲ ನನಗೊಂದು ಚೂರು ಕೊಬ್ಬರಿ ಬೆಲ್ಲ, ಜೊತೆಗೆ ಒಂದು ಪ್ರಶ್ನೆ: “ಏನ್ ಕಾಣ್ತದೆ ಹೇಳು.”

“ಚಿಕ್ಕ ಬೆಟ್ಟ.”

“ಅದು ನನಗೂ ಗೊತ್ತು. ಹೋದ ಬೀಜಕ್ಕೂ ಈ ಬೀಜಕ್ಕೂ ಏನು ಬದಲಾಯ್ತು?”

ಮತ್ತೆ ನೋಡಿದೆ. ಕೆಳಗೆ ಕೂತಾಗ ಚಂದ್ರಗಿರಿಯ ಬಸದಿಗಳ ಗೋಡೆ ಕಾಣುತ್ತಿತ್ತು, ಈಗ ಅವುಗಳ ಮಾಳಿಗೆಯೂ ಕಾಣುತ್ತಿತ್ತು. ಕಲ್ಯಾಣಿಯ ದಡದಲ್ಲಿ ಯಾರೋ ನೀಲಿ ಸೀರೆ ಒಣಹಾಕಿದ್ದರು. ಹೇಳಿದೆ. ಅಜ್ಜಿ ತಲೆಯಾಡಿಸಿ ಎದ್ದಳು. ಶಾಲೆಯ ಯಾವ ಪರೀಕ್ಷೆಯಲ್ಲೂ ನಾನು ಅಷ್ಟು ಕಷ್ಟಪಟ್ಟಿರಲಿಲ್ಲ.

ಮೇಲೆ ಒದೆಗಲ್ ಬಸದಿ ಸಿಗುತ್ತದೆ. ಗೋಡೆಗೆ ಆಸರೆಯಾಗಿ ಕಲ್ಲಿನ ಒದೆಗಳನ್ನು ಕೊಟ್ಟಿರುವುದರಿಂದ ಆ ಹೆಸರು. “ಪಾಪ, ಅದಕ್ಕೂ ಮಂಡಿನೋವು, ಊರುಗೋಲು ಕೊಟ್ಟವ್ರೆ” ಎಂದಳು ಅಜ್ಜಿ. ಒಂದೇ ಬಂಡೆಯಲ್ಲಿ ಕೊರೆದ ಅಖಂಡ ಬಾಗಿಲನ್ನು ದಾಟುವಾಗ ನನ್ನ ಭುಜ ಹಿಡಿದಿದ್ದ ಅವಳ ಕೈ ಬಿಗಿಯಾಯಿತು. ನೆರಳಿನಲ್ಲಿ ಕೊಳವೆಯ ತುದಿಯೂ ಕತ್ತಲಾಗುತ್ತಿತ್ತೋ ಏನೋ. ಅಲ್ಲಿ ಅವಳು ಏನೂ ಕೇಳಲಿಲ್ಲ, ಕಾಲು ಊರುವ ಜಾಗವನ್ನು ನಾನಾಗಿಯೇ ಹೇಳುತ್ತಾ ಹೋದೆ.

ಗೊಮ್ಮಟನ ಮುಂದೆ ನಿಂತಾಗ ನನ್ನ ಬಾಯಿಂದ ಬಂದದ್ದು “ಅಬ್ಬಾ, ಎಷ್ಟು ದೊಡ್ಡದು!” ಅಷ್ಟೇ. ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ಮಾಡಿಸಿದ ಮೂರ್ತಿ ಅದು. 58 ಅಡಿ ಎತ್ತರ.

“ದೊಡ್ಡದು ಅಂತ ಊರೇ ಹೇಳ್ತದೆ. ನನ್ನ ಕೊಳವೆಯಲ್ಲಿ ಅವನು ಹಿಡಿಸಲ್ಲ. ನೀನು ಚೂರುಚೂರೇ ಕೊಡು.”

ಕೊಟ್ಟೆ. ಕಾಲ ಬಳಿ ಹುತ್ತಗಳಿವೆ, ಅವುಗಳಿಂದ ಹಾವುಗಳು ತಲೆ ಹಾಕಿವೆ. ಬಳ್ಳಿಯೊಂದು ಕಾಲನ್ನು ಸುತ್ತಿ, ತೊಡೆ ದಾಟಿ, ತೋಳಿಗೂ ಹಬ್ಬಿದೆ. ಭುಜದ ಮೇಲೆ ಗಿಳಿ ಕೂತಿದೆ. ಅದು ಕಲ್ಲಿನದಲ್ಲ, ನಿಜವಾದ ಗಿಳಿ. ನಗ್ತಾ ಇದಾನಾ ಎಂದು ಕೇಳಿದಳು. ತುಂಬಾ ಹೊತ್ತು ನೋಡಿ, “ನಗೋಕೆ ಮುಂಚೆ ಇರೋ ಥರ ಇದಾನೆ” ಎಂದೆ. ಅಜ್ಜಿ ಮತ್ತೇನೂ ಕೇಳದೆ ಇಡೀ ಬೆಲ್ಲದುಂಡೆಯನ್ನೇ ನನ್ನ ಕೈಗಿತ್ತಳು.

ಆಮೇಲೆ ಗೊಮ್ಮಟನಿಗೆ ಬೆನ್ನು ಮಾಡಿ ಹೊರಬಾಗಿಲ ಕಡೆ ಹೊರಟಳು. ಅಲ್ಲಿ ಅವನಿಗೆದುರಾಗಿ, ಕೈಯಲ್ಲಿ ಪುಟ್ಟ ಗುಳ್ಳಕಾಯಿ ಹಿಡಿದು ಗುಳ್ಳಕಾಯಜ್ಜಿ ನಿಂತಿದ್ದಾಳೆ. ಕಥೆ ನಿಮಗೂ ಗೊತ್ತಿರಬಹುದು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅದು ಮೂರ್ತಿಯ ಪಾದದವರೆಗೆ ಇಳಿಯಲಿಲ್ಲವಂತೆ. ಇಷ್ಟು ದೊಡ್ಡದನ್ನು ಮಾಡಿಸಿದೆನೆಂಬ ಹೆಮ್ಮೆ ಅವನಿಗೆ. ಆಗ ಒಬ್ಬಳು ಮುದುಕಿ ಗುಳ್ಳಕಾಯಿಯ ಓಡಿನಲ್ಲಿ ತಂದ ಒಂದು ಗುಟುಕು ಹಾಲು ಇಡೀ ಗೊಮ್ಮಟನನ್ನು ತೋಯಿಸಿ, ಬೆಟ್ಟದಿಂದ ಕೆಳಗೂ ಹರಿಯಿತಂತೆ. ಕೂಷ್ಮಾಂಡಿನಿ ದೇವಿಯೇ ಮುದುಕಿಯಾಗಿ ಬಂದಿದ್ದಳು ಎನ್ನುತ್ತಾರೆ. ಈಗಲೂ ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ ನಡೆಯುತ್ತದೆ, 2006ರಲ್ಲಿ ನಡೆದದ್ದು ಮತ್ತೆ ನಡೆದದ್ದು 2018ರಲ್ಲಿ. ನೂರಾರು ಕೊಡಗಳ ಸಡಗರ. ಗುಳ್ಳಕಾಯಿಯ ಅಳತೆಗೆ ಮಾತ್ರ ಯಾರೂ ಇಳಿದಂತಿಲ್ಲ.

ನಾನು ವರ್ಣಿಸಲು ಬಾಯಿ ತೆರೆದೆ. ಅಜ್ಜಿ ಕೈಯೆತ್ತಿ ತಡೆದಳು. ಎರಡು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ ಸರಿದು, ಕತ್ತು ಸ್ವಲ್ಪ ಓರೆ ಮಾಡಿದಳು.

“ಇವಳು ಪೂರಾ ಹಿಡಿಸ್ತಾಳೆ” ಎಂದಳು. ಆಮೇಲೆ ಅವಳೊಡನೆ ಮಾತಿಗಿಳಿದಳು. ಮಳೆ ಸಾಲದ್ದು, ತೋಟದ ಮರಗಳು, ಅಮ್ಮನ ಸಿಟ್ಟು, ಕಣ್ಣಿನ ಔಷಧಿಯ ಬೆಲೆ. ಹಾದುಹೋಗುವವರು ತಿರುಗಿ ನೋಡುತ್ತಿದ್ದರು. ನಾನು ಅಜ್ಜಿಯ ಚೀಲ ಹಿಡಿದು, ಅವಳ ಮಾತು ಮುಗಿಯುವವರೆಗೆ ಯಾರೂ ನಡುವೆ ಬರದಂತೆ ಅಡ್ಡ ನಿಂತೆ.

ಇಳಿಯುವಾಗ ನಾನು ಮುಂದೆ, ನನ್ನ ಹೆಗಲ ಮೇಲೆ ಕೈಯಿಟ್ಟು ಅವಳು ಹಿಂದೆ. ಇಳಿಯುವುದೇ ಕಷ್ಟ, ಮೆಟ್ಟಿಲಿನ ಅಂಚು ಅವಳಿಗೆ ಕಾಣುತ್ತಿರಲಿಲ್ಲ. ಪ್ರತಿ ಮೆಟ್ಟಿಲಿಗೂ “ಹೂಂ” ಎನ್ನುತ್ತಾ ಬಂದೆ. ಬೀಜದ ಲೆಕ್ಕವೂ ನನ್ನದೇ. ಏಳನೇ ಬೀಜಕ್ಕೆ ಕೂತಾಗ ಕಲ್ಯಾಣಿಯ ನೀರು ಯಾವ ಬಣ್ಣ ಎಂದು ಕೇಳಿದಳು.

“ಹಸಿರು.”

“ಬಿಳೀ ಕೊಳ ಅಂತಾರಲ್ಲ?”

“ಹಸಿರೇ ಇದೆ ಅಜ್ಜಿ.”

ಅಜ್ಜಿ ಸ್ವಲ್ಪ ಹೊತ್ತು ಯೋಚಿಸಿದಳು. “ಸಾವಿರ ವರ್ಷದ ಹಾಲಲ್ವಾ ಮಗಾ, ಕೆಡದೆ ಇರ್ತದಾ?” ಎಂದು ಸೆರಗು ಕೊಡವಿ ಎದ್ದಳು.