ವ್ರತದ ವೆಚ್ಚ ಯಾರ ಖಾತೆಗೆ?

ನಮ್ಮ ಸ್ವಾಧ್ಯಾಯ ಮಂಡಳಿಯಲ್ಲಿ ಇತ್ತೀಚೆಗೆ ತರುಣನೊಬ್ಬನು, "ಛಾಯಾಚಿತ್ರ ತೆಗೆಯುವುದರಲ್ಲಿ ಶ್ರಾವಕನಿಗೆ ದೋಷವುಂಟೇ?" ಎಂದು ಕೇಳಿದನು. ಕೂಡಿದ್ದವರಲ್ಲಿ ಕೆಲವರು ನಕ್ಕರು. ನನಗೆ ನಗು ಬರಲಿಲ್ಲ. ಆ ಪ್ರಶ್ನೆಯೊಡನೆ ನಾನು ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದ್ದೇನೆ. ಅದು ನನಗೆ ಸ್ಪಷ್ಟವಾದದ್ದು ಮುಳವಾಡದಿಂದ ಬಹುದೂರದ ಸ್ಟಾಕ್‌ಹೋಮ್ ನಗರದಲ್ಲಿ, ಹಿಮ ಬಿದ್ದ ಒಂದು ಮಧ್ಯಾಹ್ನ. ಅಂದು ಸಭೆಯಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ವೃತ್ತಿಯಿಂದ ವ್ಯಾಪಾರಿ. ಮುಳವಾಡದಲ್ಲಿ ನಮ್ಮದು ತಂದೆಯವರ ಕಾಲದಿಂದ ನಡೆದುಬಂದ ಕಾಳುಕಡಿಯ ಅಂಗಡಿ. 1981ರಲ್ಲಿ ಬಿ.ಕಾಂ. ಮುಗಿಸಿ ಗಾದಿಯ ಮೇಲೆ ಕುಳಿತ ಮರುವರ್ಷವೇ ಒಂದು ಆಗ್ಫಾ ಕ್ಲಿಕ್-3 ಕ್ಯಾಮೆರಾ ಕೊಂಡೆ. ಒಂದು ರೋಲಿಗೆ ಹನ್ನೆರಡು ಚಿತ್ರಗಳು. ಆದ್ದರಿಂದ ಪ್ರತಿಯೊಂದನ್ನೂ ತೂಗಿ ನೋಡಿ ತೆಗೆಯಬೇಕಾಗುತ್ತಿತ್ತು. ಚಳಿಗಾಲದ ರವಿವಾರಗಳಲ್ಲಿ ರೈಲು ಹಿಡಿದು ಅಂದಿನ ವಿಜಾಪುರಕ್ಕೆ ಹೋಗಿ, ಗೋಳಗುಮ್ಮಟದ ಮೇಲೂ ಇಬ್ರಾಹಿಂ ರೋಜಾದ ಕೆತ್ತನೆಯ ಮೇಲೂ ಬೆಳಗಿನ ಓರೆ ಬಿಸಿಲು ಬೀಳುವುದನ್ನು ಕಾಯುತ್ತಿದ್ದೆ.

1986ರಲ್ಲಿ ಒಂದು ಸಂಗತಿ ತಿಳಿಯಿತು. ಫಿಲ್ಮಿನ ಮೇಲೆ ಬೆಳ್ಳಿಯ ಲವಣದ ಕಣಗಳನ್ನು ಹಿಡಿದಿಡುವ ಲೇಪ ಜೆಲಾಟಿನ್. ಅದನ್ನು ದನಗಳ ಮೂಳೆ ಹಾಗೂ ಚರ್ಮದಿಂದ ತೆಗೆಯುತ್ತಾರೆ. 1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಲೀಚ್ ಮ್ಯಾಡಾಕ್ಸ್ ಈ ವಿಧಾನವನ್ನು ಪ್ರಕಟಿಸಿದ ಬಳಿಕ ಅದೇ ರೂಢಿಯಾಯಿತು. ಇದನ್ನು ಕೇಳಿದ ದಿನವೇ ನಾನು ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟೆ. ಕೃತ, ಕಾರಿತ, ಅನುಮೋದನೆ ಎಂಬ ಮೂರು ಬಗೆಯಿಂದಲೂ ಚಿತ್ರ ತೆಗೆಯುವುದಿಲ್ಲ, ತೆಗೆಸುವುದಿಲ್ಲ, ತೆಗೆದವರನ್ನು ಮೆಚ್ಚುವುದಿಲ್ಲ ಎಂದು ನಿಯಮ ಮಾಡಿಕೊಂಡೆ. ನಾಲ್ಕಾರು ಜನ ಹೊಗಳಿದರು. ಹೊಗಳಿಕೆ ಹಿತವಾಗಿತ್ತೆಂಬುದನ್ನು ಈಗ ಮುಚ್ಚಿಡುವುದಿಲ್ಲ.

1991ರಲ್ಲಿ ನನ್ನ ತಾಯಿ ಒಂದು ದಿನ, "ತಮ್ಮಾ, ನನ್ನದೊಂದು ಫೋಟೋ ತಗಿಯೋ. ನಾಳೆ ಮೊಮ್ಮಕ್ಕಳು ಅಜ್ಜಿ ಹ್ಯಾಂಗಿದ್ಲು ಅಂತ ಕೇಳಿದ್ರ ತೋರಸಾಕ ಬೇಕಲ್ಲ" ಎಂದಳು. ನಾನು ಅವಳಿಗೆ ಜೆಲಾಟಿನ್ ವಿಷಯವನ್ನು ವಿಸ್ತಾರವಾಗಿ ಬೋಧಿಸಿದೆ. ಜೀವಮಾನವಿಡೀ ಕಂದಮೂಲ ಮುಟ್ಟದ, ನೀರನ್ನು ಸೋಸದೆ ಕುಡಿಯದ ಆ ಹೆಣ್ಣುಮಗಳಿಗೆ ನಾನು ಅಹಿಂಸೆಯನ್ನು ಕಲಿಸಿದೆ! "ಆತು ಬಿಡಪಾ" ಎಂದು ಆಕೆ ಒಳಗೆ ಹೋದಳು. 1993ರಲ್ಲಿ ತೀರಿಕೊಂಡಳು. ಇಂದು ನಮ್ಮ ಮನೆಯಲ್ಲಿ ಅವಳದೆಂದು ಇರುವುದು ಯಾರದೋ ಮದುವೆಯ ಗುಂಪುಚಿತ್ರವೊಂದೇ. ಅದರಲ್ಲಿಯೂ ಅರ್ಧ ಮುಖ ಸೆರಗಿನ ಮರೆಯಲ್ಲಿದೆ.

ಇಷ್ಟು ವರ್ಷಗಳ ಬಳಿಕ, 2022ರ ಡಿಸೆಂಬರಿನಲ್ಲಿ, ಸ್ಟಾಕ್‌ಹೋಮಿನಲ್ಲಿ ಇಂಜಿನಿಯರನಾಗಿರುವ ಮಗನ ಮನೆಗೆ ಹೋದೆ. ಡಿಜಿಟಲ್ ಕ್ಯಾಮೆರಾದಲ್ಲಿ ಫಿಲ್ಮೂ ಇಲ್ಲ, ಜೆಲಾಟಿನ್ ಲೇಪವೂ ಇಲ್ಲವೆಂದು ಹೇಳಿ ಅವನು ತನ್ನದನ್ನು ನನ್ನ ಕೈಗಿತ್ತನು. ಮೂವತ್ತಾರು ವರ್ಷದ ಹಸಿವು ಒಮ್ಮೆಲೇ ಎಚ್ಚತ್ತಿತು.

ಆ ನಗರ ಉತ್ತರ ಅಕ್ಷಾಂಶದ 59 ಡಿಗ್ರಿಯ ಮೇಲಿದೆ. ನಮ್ಮ ವಿಜಯಪುರ ಸುಮಾರು 17ರಲ್ಲಿ. ಡಿಸೆಂಬರಿನ ಕೊನೆಯ ಭಾಗದಲ್ಲಿ ಅಲ್ಲಿ ಸೂರ್ಯೋದಯ ಬೆಳಗಿನ ಎಂಟೂಮುಕ್ಕಾಲರ ಸುಮಾರಿಗೆ, ಅಸ್ತ ಮಧ್ಯಾಹ್ನ ಮೂರಕ್ಕೂ ಮೊದಲೇ. ನಡುಹಗಲಿನಲ್ಲಿಯೂ ಸೂರ್ಯ ದಿಗಂತದಿಂದ ಏಳು ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ. ನಮ್ಮ ಕಡೆ ಮುಂಜಾನೆ ಅರ್ಧ ತಾಸು ಸಿಗುವ ಓರೆ ಬೆಳಕು ಅಲ್ಲಿ ಹಗಲೆಲ್ಲ ಇರುತ್ತದೆ. ಬಿಸಿಲು ಸರಿದ ಮೇಲೆ ಹಿಮವೂ ಆಕಾಶವೂ ಒಂದೇ ನೀಲಿಯಾಗಿ, ಹಳೆಯ ಮನೆಗಳ ಕಿಟಕಿಗಳಲ್ಲಿ ಹಳದಿ ದೀಪಗಳು ಕಾಣುತ್ತವೆ. ಚಿತ್ರಕಾರನಿಗೆ ಇದು ಸುಗ್ಗಿ. ರಾತ್ರಿಭೋಜನ ತ್ಯಾಗ ಮಾಡಿದವನಿಗೆ ಮಾತ್ರ ಕಠಿಣ ಪರೀಕ್ಷೆ. ಉದಯದ ಬಳಿಕ ಎರಡು ಘಳಿಗೆ, ಅಸ್ತಕ್ಕೆ ಮುಂಚೆ ಎರಡು ಘಳಿಗೆ ಬಿಟ್ಟರೆ, ಒಂಬತ್ತೂವರೆಯಿಂದ ಎರಡು ಗಂಟೆಯೊಳಗೆ ಆ ದಿನದ ಆಹಾರವೆಲ್ಲ ಮುಗಿಯಬೇಕು.

ಮೊದಲ ವಾರ ನಿಯಮವು ಸುಲಲಿತವಾಗಿ ನಡೆಯಿತು. ಹತ್ತಕ್ಕೆ ಉಪಾಹಾರ, ಒಂದೂವರೆಗೆ ಊಟ, ಎಲ್ಲವೂ ಡಬ್ಬಿಗಳಲ್ಲಿ ಸಿದ್ಧವಾಗಿರುತ್ತಿತ್ತು. ಇಂತಹ ನಾಡಿನಲ್ಲಿಯೂ ವ್ರತ ಕೆಡಲಿಲ್ಲವೆಂದು ಊರಿಗೆ ಫೋನು ಮಾಡಿ ಹೇಳಿಕೊಂಡೆ. ಒಂದು ದಿನ ನಸುಕಿನ ಐದಕ್ಕೆ ಎಚ್ಚರವಾಗಿ ನೋಡಿದರೆ ಅಡಿಗೆಮನೆಯಲ್ಲಿ ದೀಪ. ಸೊಸೆ ರೊಟ್ಟಿ ಬಡಿಯುತ್ತಿದ್ದಳು. ಏಳೂವರೆಗೆ ಆಕೆ ಕೆಲಸಕ್ಕೆ ಹೊರಡಬೇಕು. "ದಿನಾ ಇಷ್ಟೊತ್ತಿಗೇ ಏಳತೀ ಏನವ್ವಾ?" ಎಂದೆ. "ಇದೇನ್ ದೊಡ್ಡದಲ್ಲ ಬಿಡ್ರಿ ಅಪ್ಪಾರ. ನೀವು ಇರೂ ತನಕಾ ಅಷ್ಟ" ಎಂದಳು.

ವ್ರತ ನನ್ನದು, ನಿದ್ದೆ ಅವಳದು. ಜಮೆ ನನ್ನ ಖಾತೆಗೆ, ಖರ್ಚು ಬೇರೊಬ್ಬರ ಹೆಸರಿಗೆ. ಇಂತಹ ಲೆಕ್ಕವನ್ನು ಅಂಗಡಿಯ ಗುಮಾಸ್ತ ಬರೆದು ತಂದಿದ್ದರೆ ನಾನು ಖಾತೆ ಪುಸ್ತಕವನ್ನೇ ಎಸೆಯುತ್ತಿದ್ದೆ. ಮರುದಿನದಿಂದ ಅವಲಕ್ಕಿ ಒಗ್ಗರಣೆ ನಾನೇ ಹಾಕಿಕೊಂಡೆ. ಊರಿನಿಂದ ಒಯ್ದಿದ್ದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಹೊರಬಿದ್ದೆ.

ಹಳೆಯ ಪಟ್ಟಣಕ್ಕೆ ಅಲ್ಲಿಯವರು 'ಗಾಮ್ಲಾ ಸ್ತಾನ್' ಎನ್ನುತ್ತಾರೆ. ಸ್ಟಾಕ್‌ಹೋಮಿನ ಹೆಸರು ದಾಖಲೆಗಳಲ್ಲಿ 1252ರಷ್ಟು ಹಿಂದೆಯೇ ಬರುತ್ತದೆ. ನಡುವೆ ಇರುವ ದೊಡ್ಡ ಚೌಕದಲ್ಲಿ ಡಿಸೆಂಬರಿನಲ್ಲಿ ಕೆಂಪು ಬಣ್ಣದ ಸಣ್ಣ ಮಳಿಗೆಗಳ ಸಂತೆ ಕೂಡುತ್ತದೆ. ಮಕ್ಕಳು ಸಿಹಿ ತಿನ್ನುತ್ತ ನಿಲ್ಲುವ ಅದೇ ಚೌಕದಲ್ಲಿ 1520ರ ನವೆಂಬರಿನಲ್ಲಿ ಡೆನ್ಮಾರ್ಕಿನ ದೊರೆ ಎರಡನೆಯ ಕ್ರಿಶ್ಚಿಯನ್ನನು, ಸಮಾಧಾನದ ಮಾತು ಕೊಟ್ಟು ಕರೆಸಿದ ಎಂಬತ್ತಕ್ಕೂ ಹೆಚ್ಚು ಜನರನ್ನು ಕೊಲ್ಲಿಸಿದನು. ನೆಲದ ಕಲ್ಲುಗಳ ಮೇಲೆ ಹಿಮ ಬಿದ್ದಿತ್ತು. ಹಿಮದ ಚಿತ್ರ ತೆಗೆಯುವಾಗ ಕ್ಯಾಮೆರಾದ ಅಳತೆಯನ್ನು ಹಾಗೆಯೇ ನಂಬಿದರೆ ಬಿಳಿಯು ಬೂದಿಯಾಗಿ ಬರುತ್ತದೆ. ಬೆಳಕನ್ನು ಕೈಯಿಂದ ಒಂದು ಹಂತ ಹೆಚ್ಚಿಸಬೇಕು. ಚಳಿಗೆ ಬ್ಯಾಟರಿ ಬೇಗ ಇಳಿಯುವುದರಿಂದ ಇನ್ನೊಂದನ್ನು ಒಳಕಿಸೆಯಲ್ಲಿ ಮೈಗೆ ತಾಗಿಸಿ ಇಟ್ಟುಕೊಳ್ಳಬೇಕು. ಬೆಚ್ಚಗಿನ ಮನೆಯೊಳಗೆ ಬಂದೊಡನೆ ಗಾಜಿನ ಮೇಲೆ ನೀರು ಕೂಡುವುದರಿಂದ ಕ್ಯಾಮೆರಾವನ್ನು ಒಂದೆರಡು ತಾಸು ಚೀಲದಿಂದ ಹೊರತೆಗೆಯಬಾರದು. ಇವನ್ನೆಲ್ಲ ಮಗನಿಂದ ಕಲಿತೆ.

ದಕ್ಷಿಣದ ತುದಿಯಲ್ಲಿ 'ಕಬ್ಬಿಣದ ಚೌಕ'ವಿದೆ. ಕಬ್ಬಿಣ ತೂಗುತ್ತಿದ್ದ ಆ ಪೇಟೆಯಲ್ಲಿ ನನಗೆ ನಮ್ಮ ಅಡತಿ ಬಜಾರವೇ ನೆನಪಾಯಿತು. ವಿಜಾಪುರದಲ್ಲಿ ಮುಹಮ್ಮದ್ ಆದಿಲ್‌ಶಾಹಿ ತೀರಿಕೊಂಡ 1656ರಲ್ಲಿಯೇ ಇಲ್ಲಿ ಯೋಹಾನ್ ಪಾಲ್ಮ್‌ಸ್ಟ್ರೂಕ್ ಎಂಬಾತನು ಬ್ಯಾಂಕಿಗೆ ರಾಜನ ಸನ್ನದು ಪಡೆದನು. ಆಗಿನ ನಾಣ್ಯಗಳೆಂದರೆ ತಾಮ್ರದ ಹಲಗೆಗಳು. ಅತಿ ದೊಡ್ಡದು ಹತ್ತೊಂಬತ್ತು ಕಿಲೋಗಿಂತಲೂ ಭಾರ. ಅದರ ಬದಲು 1661ರಲ್ಲಿ ಅವನು ಹೊರಡಿಸಿದ ಕಾಗದದ ನೋಟುಗಳು ಯುರೋಪಿನಲ್ಲಿಯೇ ಮೊದಲಿನವು. ತಿಜೋರಿಯಲ್ಲಿ ಇದ್ದುದಕ್ಕಿಂತ ಹೆಚ್ಚು ನೋಟು ಬರೆದುದರಿಂದ ಕೆಲವೇ ವರ್ಷಗಳಲ್ಲಿ ಬ್ಯಾಂಕು ಮುಳುಗಿತು. 1668ರಲ್ಲಿ ಅದರ ಜಾಗದಲ್ಲಿ ಹುಟ್ಟಿದ ರಿಕ್ಸ್‌ಬ್ಯಾಂಕ್ ಇಂದು ಜಗತ್ತಿನ ಅತ್ಯಂತ ಹಳೆಯ ಕೇಂದ್ರ ಬ್ಯಾಂಕು. ಅದರ ಹಳೆಯ ಕಟ್ಟಡ ಆ ಚೌಕದಲ್ಲಿಯೇ ಇದೆ. ಅದರೆದುರು ಕಟ್ಟೆಯ ಮೇಲೆ ಕುಳಿತು ರೊಟ್ಟಿ ತಿಂದೆ.

ಅಲ್ಲಿಂದ ನಾಲ್ಕು ಹೆಜ್ಜೆಯಲ್ಲಿ ಮಾರ್ಟನ್ ಟ್ರೋಟ್ಸಿಗ್‌ನ ಓಣಿ. 1581ರಲ್ಲಿ ಜರ್ಮನಿಯಿಂದ ಬಂದು ಕಬ್ಬಿಣ, ತಾಮ್ರಗಳ ವ್ಯಾಪಾರದಲ್ಲಿ ಸಿರಿವಂತನಾದ ವರ್ತಕನ ಹೆಸರು ಅದಕ್ಕಿದೆ. ಮೂವತ್ತಾರು ಮೆಟ್ಟಿಲು, ಅತಿ ಕಿರಿದಾದ ಕಡೆ ಅಗಲ ತೊಂಬತ್ತು ಸೆಂಟಿಮೀಟರು. ಮೇಲಿನಿಂದ ನೀಲಿ ಬೆಳಕು ಇಳಿಯುತ್ತಿತ್ತು. ಎಂಬತ್ತರ ಆಸುಪಾಸಿನ ಮುದುಕಿಯೊಬ್ಬಳು ಕೋಲೂರಿ, ಒಂದೊಂದು ಮೆಟ್ಟಿಲಿಗೂ ನಿಂತು ಏರುತ್ತಿದ್ದಳು. ಮೂರು ಚಿತ್ರ ತೆಗೆದೆ. ಸದ್ದಿಗೆ ಆಕೆ ತಿರುಗಿದಳು. ಸಿಟ್ಟಿರಲಿಲ್ಲ. ಇಂಗ್ಲಿಷಿನಲ್ಲಿ, ನಿಧಾನವಾಗಿ, "ಕೇಳಿದ್ದರೆ ಬಹುಶಃ ಕೊಡುತ್ತಿದ್ದೆ" ಎಂದಳು. ನಾನು ಕ್ಷಮೆ ಕೇಳಿ, "ಈಗ ಕೇಳಬಹುದೇ?" ಎಂದೆ. "ಇಂದು ಬೇಡ" ಎಂದಳು. ಅವಳೆದುರಿಗೇ ಮೂರನ್ನೂ ಅಳಿಸಿ ತೋರಿಸಿದೆ. ತಲೆಯಾಡಿಸಿ ಮತ್ತೆ ಮೆಟ್ಟಿಲೇರತೊಡಗಿದಳು. ಆ ಪ್ರವಾಸದಲ್ಲಿ ನಾನು ತೆಗೆದ ಅತ್ಯುತ್ತಮ ಚಿತ್ರಗಳು ಅವೇ ಆಗಿದ್ದವು.

ಕೊಡದಿರುವುದನ್ನು ತೆಗೆದುಕೊಳ್ಳುವುದೇ ಕಳವು ಎಂದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರ ತಿಳಿಸುತ್ತದೆ. ಎಷ್ಟೋ ಸಲ ಅದರ ಮೇಲೆ ಪ್ರವಚನ ಮಾಡಿದವನು ನಾನು. ಫಿಲ್ಮಿನ ಅಂಟಿನಲ್ಲಿ ಹಿಂಸೆಯನ್ನು ಕಂಡ ಕಣ್ಣಿಗೆ ಬೆರಳ ತುದಿಯ ಅದತ್ತಾದಾನ ಕಾಣಲಿಲ್ಲ. ಅದಕ್ಕಿಂತ ಹೆಚ್ಚಾಗಿ, ತೂಗುಸೇತುವೆಯಂತೆ ಮನಸ್ಸು ಅಲ್ಲಿಂದ ಮುಳವಾಡಕ್ಕೆ ಹಾಯಿತು. ಇವಳು ಕೊಡಲಿಲ್ಲ, ನಾನು ತೆಗೆದುಕೊಂಡೆ. ನನ್ನ ತಾಯಿ ಬೇಡಿದಳು, ನಾನು ಕೊಡಲಿಲ್ಲ.

ಅಂದಿನ ನಿಯಮವು ತಪ್ಪಾಗಿತ್ತೇ? ಅಲ್ಲವೆಂದೇ ಇಂದಿಗೂ ನಂಬಿದ್ದೇನೆ. ಫಿಲ್ಮಿನಲ್ಲಿ ಪ್ರಾಣಿಯ ಮೂಳೆ ಇದ್ದುದು ನಿಜ. ಆದರೆ ನನ್ನ ಲೆಕ್ಕದಲ್ಲಿ ಮೋಸವಿತ್ತು. ಅದೇ ವರ್ಷಗಳಲ್ಲಿ ಅಡತಿ ಲೈಸೆನ್ಸು ನವೀಕರಿಸಲು ಸ್ಟುಡಿಯೋಕ್ಕೆ ಹೋಗಿ ನನ್ನ ಪಾಸ್‌ಪೋರ್ಟ್ ಅಳತೆಯ ಫೋಟೋ ತೆಗೆಸಿಕೊಂಡಿದ್ದೆ. ಒಮ್ಮೆಯಲ್ಲ, ಹಲವು ಸಲ. ಅದಕ್ಕೆ 'ಸರಕಾರದ ನಿಯಮ' ಎಂಬ ಸಮಾಧಾನವಿತ್ತು. ವ್ಯಾಪಾರಕ್ಕೆ ವಿನಾಯಿತಿ ಕೊಟ್ಟವನು ತಾಯಿಗೆ ಕೊಡಲಿಲ್ಲ. ತ್ಯಾಗವೆಂದು ನಾನು ಬರೆದುಕೊಂಡ ಮೊತ್ತದಲ್ಲಿ ಎಷ್ಟು ಭಾಗ ಅಹಿಂಸೆ, ಎಷ್ಟು ಭಾಗ ಮಾನಕಷಾಯ? ತಿಜೋರಿಯಲ್ಲಿ ಇಲ್ಲದ ತಾಮ್ರಕ್ಕೆ ನೋಟು ಬರೆದ ಪಾಲ್ಮ್‌ಸ್ಟ್ರೂಕನನ್ನು ನೋಡಿ ನಗುವ ಅಧಿಕಾರ ನನಗಿರಲಿಲ್ಲ.

ಇನ್ನು ಆ ತರುಣನ ಪ್ರಶ್ನೆಗೆ ಬರುತ್ತೇನೆ. ಗೃಹಸ್ಥನು ಯಾವ ಉಪಕರಣವನ್ನು ಹಿಡಿದರೂ ಪೂರ್ಣ ನಿರ್ದೋಷಿಯಾಗಲಾರ. ನನ್ನ ಡಿಜಿಟಲ್ ಕ್ಯಾಮೆರಾದ ಲೋಹಕ್ಕಾಗಿ ಎಲ್ಲಿಯೋ ನೆಲ ಅಗೆದಿದ್ದಾರೆ. ವಿಮಾನದಲ್ಲಿ ಕುಳಿತದ್ದರ ಭಾರವೂ ನನ್ನ ಮೇಲಿದೆ. ಅದಕ್ಕಾಗಿಯೇ ಶ್ರಾವಕನಿಗೆ ಅಣುವ್ರತ, ಮಿತಿಯ ವ್ರತ. ತಮ್ಮಾ, ನೀನು ಚಿತ್ರ ತೆಗೆ. ಯಾವ ಜೀವಕ್ಕೆ ನೋವಾಗಿ ಈ ವಸ್ತು ಬಂತೆಂದು ವಿಚಾರಿಸು. ಎದುರಿಗಿದ್ದವರು ಕೊಟ್ಟರೆ ಮಾತ್ರ ತೆಗೆದುಕೋ. ಬಿಡುವುದಾದರೆ, ಬಿಟ್ಟದ್ದರ ವೆಚ್ಚವನ್ನು ನೀನೇ ಭರಿಸು. ಮನೆಯ ಹೆಣ್ಣುಮಕ್ಕಳ ಖಾತೆಗೆ ಹಾಕಬೇಡ.

ಊರಿಗೆ ಮರಳಿದ ಮೇಲೆ ಒಂದು ರೂಢಿ ಇಟ್ಟುಕೊಂಡಿದ್ದೇನೆ. ಮುಳವಾಡದಲ್ಲಿ ವಯಸ್ಸಾದ ತಾಯಂದಿರ ಮನೆಗೆ ಹೋಗಿ, "ನಿಮ್ಮದೊಂದು ಫೋಟೋ ತಗೀಲೇನ್ರಿ?" ಎಂದು ಕೇಳುತ್ತೇನೆ. ಒಪ್ಪಿದರೆ ತೆಗೆದು, ಸ್ಟುಡಿಯೋದ ಕಾಗದದಲ್ಲಿ ಇಂದಿಗೂ ಜೆಲಾಟಿನ್ ಇರುವುದರಿಂದ ಸಾದಾ ಕಾಗದದ ಮೇಲೆ ಮುದ್ರಿಸಿ ಮನೆಗೆ ಮುಟ್ಟಿಸುತ್ತೇನೆ. ಬಣ್ಣ ಸ್ವಲ್ಪ ಮಂಕಾಗಿರುತ್ತದೆ, ಯಾರೂ ದೂರಿಲ್ಲ. ಕೆಲವರು ಬೇಡವೆನ್ನುತ್ತಾರೆ. ಆಗ ಚಹಾ ಕುಡಿದು, ಕ್ಯಾಮೆರಾ ಚೀಲ ಮುಚ್ಚಿಕೊಂಡು ಬರುತ್ತೇನೆ.