ಹನ್ನೊಂದನೇ ನಂಬರಿನ ಹುಡುಗಿ

ಅಕ್ಟೋಬರ್ 31ರ ಸಂಜೆ ಅಮೆರಿಕದಲ್ಲಿ ಮಕ್ಕಳು ವೇಷ ಹಾಕಿಕೊಂಡು ಮನೆಮನೆಗೆ ಹೋಗುತ್ತಾರೆ. ಬಾಗಿಲಲ್ಲಿ ನಿಂತು 'ಟ್ರಿಕ್ ಆರ್ ಟ್ರೀಟ್' ಅನ್ನುತ್ತಾರೆ. ಮನೆಯವರು ಅವರ ಚೀಲಕ್ಕೆ ಚಾಕೊಲೇಟ್ ಹಾಕುತ್ತಾರೆ. ಇದೇ ಹ್ಯಾಲೋವೀನ್. ನಮ್ಮ ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿ ರಾತ್ರಿ ಅಂಟಿಗೆ-ಪಂಟಿಗೆಯವರು ದೀಪ ಹಿಡಿದು ಹಾಡುತ್ತಾ ಮನೆಮನೆಗೆ ಬರುವುದಿಲ್ಲವೇ? ನಾವು ಅವರಿಗೆ ಅಕ್ಕಿ, ಎಣ್ಣೆ, ಕಾಸು ಕೊಡುತ್ತೇವೆ. ಇಲ್ಲಿ ಕೆತ್ತಿದ ಕುಂಬಳಕಾಯಿಯೊಳಗೆ ದೀಪ ಇಡುತ್ತಾರೆ. 19ನೇ ಶತಮಾನದಲ್ಲಿ ಐರ್ಲೆಂಡಿನಿಂದ ವಲಸೆ ಬಂದವರ ಜೊತೆ ಈ ಹಬ್ಬ ಅಮೆರಿಕದಲ್ಲಿ ಬೇರೂರಿತು. ಅವರ ದೇಶದಲ್ಲಿ ಟರ್ನಿಪ್ ಗೆಡ್ಡೆ ಕೊರೆದು ದೀಪ ಮಾಡುತ್ತಿದ್ದರು. ಇಲ್ಲಿ ಕುಂಬಳಕಾಯಿ ಆ ಜಾಗಕ್ಕೆ ಬಂತು.

ನಾವು ನ್ಯೂಜೆರ್ಸಿಗೆ ಬಂದದ್ದು 2022ರ ಆಗಸ್ಟಿನಲ್ಲಿ. ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಪತ್ರಿಕೋದ್ಯಮ ಓದಿದವರು, ಜಿಲ್ಲೆಯ ಪತ್ರಿಕೆಗಳಿಗೆ ಸುದ್ದಿ ಬರೆದವರು. ಆಮೇಲೆ ನಮ್ಮಲ್ಲಿ ಒಬ್ಬರಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಕೈಪಿಡಿ ಬರೆಯುವ ಕೆಲಸ ಸಿಕ್ಕಿತು, ಅವರು ಇಲ್ಲಿಗೆ ಕಳಿಸಿದರು. ಇನ್ನೊಬ್ಬರ ವೀಸಾದಲ್ಲಿ ದುಡಿಯುವ ಹಾಗಿಲ್ಲ. ಒಂದೇ ಸಂಬಳ, ಅದರಲ್ಲಿ ದೊಡ್ಡ ಪಾಲು ಬಾಡಿಗೆಗೆ.

ಹೊರಡುವ ಮುಂಚೆ ತಿರುಪತಿಗೆ ಹೋಗಿ ಮಗಳ ಮುಡಿ ಕೊಟ್ಟಿದ್ದೆವು. ಅವಳಿಗೆ ಡೆಂಗಿ ಜ್ವರ ಬಂದಾಗ ಅಜ್ಜಿ ಹೊತ್ತಿದ್ದ ಹರಕೆ ಅದು. ಹತ್ತು ವರ್ಷದ ಹುಡುಗಿ, ಸಂತೋಷದಿಂದಲೇ ತಲೆ ಒಡ್ಡಿದ್ದಳು. ಊರಿನ ಶಾಲೆಯಲ್ಲಾಗಿದ್ದರೆ ಬೋಳು ತಲೆ ನೋಡಿ "ತಿರುಪತಿಗೆ ಹೋಗಿದ್ಯಾ, ಲಾಡು ಎಲ್ಲಿ?" ಅನ್ನುತ್ತಿದ್ದರು, ಅಷ್ಟೇ. ಇಲ್ಲಿ ಹಾಗಾಗಲಿಲ್ಲ. ಸೆಪ್ಟೆಂಬರಿನಲ್ಲಿ ಶಾಲೆ ಶುರುವಾದ ವಾರವೇ ಒಂದು ಮಗು "ನಿನಗೆ ಕ್ಯಾನ್ಸರಾ?" ಅಂತ ಕೇಳಿತು. ಇನ್ನೊಂದು ಹೇನಾಗಿದೆಯಾ ಅಂತ ಕೇಳಿ ದೂರ ಕೂತಿತು. ಮಕ್ಕಳಿಗೆ ಗೊತ್ತಿಲ್ಲ, ಕೇಳಿದರು. ನಮ್ಮವಳಿಗೆ ಹರಕೆ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳಲು ಬರಲಿಲ್ಲ. ಅಂದಿನಿಂದ ಅಂಗಿಯ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಬಸ್ಸು ಹತ್ತುತ್ತಿದ್ದಳು. ಶಾಲೆಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದಳು. ಅಕ್ಟೋಬರ್ ಮೊದಲ ವಾರ ಶಾಲೆಯಿಂದ ಚೀಟಿ ಬಂತು: ನಿಮ್ಮ ಮಗಳು ತರಗತಿಯಲ್ಲಿ ಒಂದು ಮಾತೂ ಆಡುತ್ತಿಲ್ಲ. ಆ ರಾತ್ರಿ ಅವಳು ನಮಗೂ ಹೇಳಿದಳು, "ನಂಗೆ ಇಲ್ಲಿ ಬ್ಯಾಡ. ಊರಿಗೆ ಹೋಗಣ."

ಅದರ ಹಿಂದೆಯೇ ಇನ್ನೊಂದು ಚೀಟಿ: 31ನೇ ತಾರೀಕು ಸೋಮವಾರ ಶಾಲೆಯಲ್ಲಿ ವೇಷದ ಮೆರವಣಿಗೆ. ಇಷ್ಟವಿದ್ದವರು ವೇಷ ಹಾಕಿ ಬನ್ನಿ. ಮುಖವಾಡ, ಆಯುಧ, ರಕ್ತದ ಬಣ್ಣ ಬೇಡ.

ಹ್ಯಾಲೋವೀನ್ ಸಾಮಾನು ಮಾರಲೆಂದೇ ಇಲ್ಲಿ ಎರಡು-ಮೂರು ತಿಂಗಳ ಮಟ್ಟಿಗೆ ಅಂಗಡಿಗಳು ತೆರೆಯುತ್ತವೆ. ಒಂದಕ್ಕೆ ಹೋಗಿ ನೋಡಿದೆವು. ಮಕ್ಕಳ ವೇಷ 40 ಡಾಲರ್. ಆಗ ಡಾಲರಿಗೆ 82 ರೂಪಾಯಿ ಆಸುಪಾಸು. ಒಂದು ಸಂಜೆಯ ಬಟ್ಟೆಗೆ ಮೂರು ಸಾವಿರ ಚಿಲ್ಲರೆ! ಇಂಥ ಸಿದ್ಧ ವೇಷದ ವ್ಯಾಪಾರ ಇಲ್ಲಿ ಹಳೆಯದು. ಬೆನ್ ಕೂಪರ್ ಅನ್ನುವ ಕಂಪನಿ 1930ರ ದಶಕದಿಂದಲೇ ಡಬ್ಬಿಯಲ್ಲಿ ವೇಷ ಮಾರುತ್ತಿತ್ತು. ಟಿವಿ ಬಂದ ಮೇಲೆ ಯಾವ ಕಾರ್ಯಕ್ರಮ ಓಡುತ್ತದೋ ಆ ವರ್ಷ ಅದರದೇ ಮುಖವಾಡ.

ಆ ವರ್ಷ ಓಡುತ್ತಿದ್ದದ್ದು ನೆಟ್‌ಫ್ಲಿಕ್ಸಿನ 'ಸ್ಟ್ರೇಂಜರ್ ಥಿಂಗ್ಸ್'. 2016ರಲ್ಲಿ ಶುರುವಾದ ಧಾರಾವಾಹಿ, 2022ರ ಮೇ ತಿಂಗಳಲ್ಲಿ ನಾಲ್ಕನೆಯ ಕಂತಿನ ಸರಣಿ ಬಂದಿತ್ತು. ಅಂಗಡಿಯ ಗೋಡೆಯ ಮೇಲೆ ಅದರ ಚಿತ್ರ ನೋಡಿ ಮಗಳು ನಿಂತುಬಿಟ್ಟಳು. ಚಿತ್ರದಲ್ಲಿ ತಲೆ ಬೋಳಿಸಿದ ಹುಡುಗಿ.

"ಇವಳೂ ತಿರುಪತಿಗೆ ಹೋಗಿದ್ಲಾ?"

ಧಾರಾವಾಹಿ ಸಣ್ಣ ಮಕ್ಕಳಿಗಲ್ಲ. ಹಾಗಾಗಿ ನಾವೇ ಮೊದಲು ನೋಡಿ, ಹೆದರಿಕೆಯ ಜಾಗಗಳನ್ನು ಓಡಿಸುತ್ತಾ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆವು. ಕಥೆ ನಡೆಯುವುದು 1983ರಲ್ಲಿ, ಹಾಕಿನ್ಸ್ ಎಂಬ ಕಲ್ಪಿತ ಊರಿನಲ್ಲಿ. ಪ್ರಯೋಗಾಲಯದಿಂದ ಒಬ್ಬ ಹುಡುಗಿ ತಪ್ಪಿಸಿಕೊಂಡು ಬರುತ್ತಾಳೆ. ಅವಳಿಗೆ ಹೆಸರಿಲ್ಲ, ಕೈಮೇಲೆ 011 ಎಂಬ ನಂಬರಿನ ಹಚ್ಚೆ. ಎಲ್ಲರೂ ಇಲೆವೆನ್ ಅನ್ನುತ್ತಾರೆ. ಮನಸ್ಸಿನಿಂದಲೇ ವಸ್ತುಗಳನ್ನು ಸರಿಸಬಲ್ಲಳು, ಆದರೆ ಅವಳಿಗೆ ಬರುವ ಮಾತು ಬೆರಳೆಣಿಕೆಯಷ್ಟು. ಮೂವರು ಹುಡುಗರು ಅವಳನ್ನು ಸ್ನೇಹಿತೆ ಮಾಡಿಕೊಳ್ಳುತ್ತಾರೆ. ಆ ಪಾತ್ರಕ್ಕಾಗಿ ಮಿಲ್ಲಿ ಬಾಬಿ ಬ್ರೌನ್ ನಿಜವಾಗಿಯೇ ತಲೆ ಬೋಳಿಸಿಕೊಂಡಿದ್ದಳು ಅಂತ ಹೇಳಿದಾಗ ಮಗಳು ತನ್ನ ಒಂದಂಗುಲದ ಕೂದಲನ್ನು ಸವರಿಕೊಂಡಳು.

ಎರಡನೇ ಸರಣಿಯಲ್ಲಿ ಹ್ಯಾಲೋವೀನೇ ಬರುತ್ತದೆ. ಹುಡುಗರು 'ಗೋಸ್ಟ್‌ಬಸ್ಟರ್ಸ್' ಸಿನಿಮಾದ ವೇಷ ಕಟ್ಟಿ ಶಾಲೆಗೆ ಹೋದರೆ ಅಲ್ಲಿ ಬೇರೆ ಯಾರೂ ವೇಷದಲ್ಲಿಲ್ಲ! ಇಲೆವೆನ್ ಬಿಳಿ ಚಾದರಕ್ಕೆ ಎರಡು ಕಣ್ಣು ಕತ್ತರಿಸಿ ದೆವ್ವವಾಗಿ ಬರುತ್ತಾಳೆ, ಆದರೆ ಅವಳನ್ನು ಹೊರಗೆ ಬಿಡುವುದಿಲ್ಲ. ಅಲ್ಲಿಗೆ ಬಂದಾಗ ಮಗಳು ನಮ್ಮಿಬ್ಬರ ಮುಖ ನೋಡಿ ಕೇಳಿದಳು, "ನನ್ನನ್ನ ಬಿಡ್ತೀರಲ್ಲ?"

ಕೆಲಸ ಶುರುವಾಯಿತು. ಇಲೆವೆನ್‌ಗೆ ಬೇಕಾದದ್ದು ತಿಳಿಗುಲಾಬಿ ಫ್ರಾಕು, ಬಿಳಿ ಕಾಲರು, ನೀಲಿ ಜಾಕೆಟ್ಟು, ಮೊಣಕಾಲಿನವರೆಗಿನ ಪಟ್ಟೆ ಕಾಲುಚೀಲ. ಊರಿಂದ ತಂದ ಗುಲಾಬಿ ಚೂಡಿದಾರದ ಟಾಪನ್ನು ಕತ್ತರಿಸಿ ಫ್ರಾಕು ಮಾಡಿದೆವು. ಹೊಲಿಗೆ ಮೆಷಿನ್ ಇಲ್ಲ, ಮೂರು ರಾತ್ರಿ ಕೈಹೊಲಿಗೆ. ಕಾಲರಿಗೆ ಹಳೇ ಪಂಚೆಯ ತುಂಡು. ಬಟ್ಟೆ ಮೆತ್ತಗಾಗಿ ಕಾಲರು ಜೋತುಬಿತ್ತು, ಅನ್ನದ ಗಂಜಿ ಹಾಕಿ ಇಸ್ತ್ರಿ ಮಾಡಿದ ಮೇಲೆ ನಿಂತಿತು. ಜಾಕೆಟ್ಟು ಹಳೇ ಬಟ್ಟೆ ಮಾರುವ ಅಂಗಡಿಯಲ್ಲಿ 4 ಡಾಲರಿಗೆ ಸಿಕ್ಕಿತು. ಬಿಳಿ ಕಾಲುಚೀಲಕ್ಕೆ ಸ್ಕೆಚ್ ಪೆನ್ನಿನಲ್ಲಿ ಪಟ್ಟೆ ಎಳೆದವಳು ಮಗಳೇ. ಎಡಗೈಗೆ 011 ಬರೆದುಕೊಂಡದ್ದೂ ಅವಳೇ. ಇಲೆವೆನ್‌ಗೆ ಎಗ್ಗೋ ವಾಫಲ್ ಅಂದರೆ ಪ್ರಾಣ, ಹಾಗಾಗಿ ಅದರ ಒಂದು ಡಬ್ಬಿಯೂ ಬೇಕಾಯಿತು. ವಿಗ್ಗಿನ ಖರ್ಚಿಲ್ಲ, ಕ್ಷೌರದ ಖರ್ಚಿಲ್ಲ. ಅದನ್ನು ಹರಕೆಯ ಲೆಕ್ಕಕ್ಕೆ ಬರೆದೆವು.

ಸೋಮವಾರ ಬೆಳಿಗ್ಗೆ ಟೋಪಿ ಇಲ್ಲದೆ ಬಸ್ಸಿಗೆ ನಿಂತಳು. ಕೈ ಮಾತ್ರ ನಮ್ಮ ಕೈಯೊಳಗೆ ಬೆವರುತ್ತಿತ್ತು. ಮಧ್ಯಾಹ್ನ ಮೆರವಣಿಗೆ ನೋಡಲು ಪೋಷಕರನ್ನು ಬಿಟ್ಟರು. ಮಾಟಗಾತಿಯರು, ಸ್ಪೈಡರ್‌ಮ್ಯಾನುಗಳು, ಮತ್ತೆ ಇನ್ನೊಬ್ಬಳು ಇಲೆವೆನ್! ಅವಳದು ಅಂಗಡಿಯ ಫ್ರಾಕು. ಉದ್ದ ಕೂದಲನ್ನು ರಬ್ಬರ್ ಟೋಪಿಯೊಳಗೆ ತುರುಕಿದ್ದರು, ಕಿವಿಯ ಹತ್ತಿರ ಎದ್ದು ಬರುತ್ತಿತ್ತು. ಆ ಹುಡುಗಿ ನಮ್ಮವಳ ತಲೆ ನೋಡಿ ಏನೋ ಕೇಳಿದಳು. ನಮ್ಮ ಎದೆ ಧಸಕ್ಕೆಂದಿತು. ಮಗಳು ಏನೋ ಉತ್ತರ ಕೊಟ್ಟಳು. ಎರಡೂ ಇಲೆವೆನ್‌ಗಳು ಒಟ್ಟಿಗೆ ನಡೆದವು.

ಸಂಜೆ ಮೂಗಿನ ಕೆಳಗೆ ಒಂದು ಗೆರೆ ರಕ್ತ ಬಿಡಿಸಿದೆವು. ಜೇನುತುಪ್ಪಕ್ಕೆ ಅಡುಗೆಯ ಕೆಂಪು ಬಣ್ಣ ಕಲಸಿದ್ದು, ನಾಲಿಗೆ ಚಾಚಿ ನೆಕ್ಕಿಕೊಂಡೇ ಅರ್ಧ ಖಾಲಿ ಮಾಡಿದಳು. ಊರಲ್ಲಿ ಬೆಳಗಾದ ಮೇಲೆ ಅಜ್ಜಿಗೆ ವಿಡಿಯೋ ಕರೆ ಮಾಡಿ ತೋರಿಸಿದೆವು. "ಎಂಥದೇ ಪುಟ್ಟಿ ಅದು, ಮೂಗಲ್ಲಿ ರಕ್ತ?" ಅಂತ ಅಜ್ಜಿ ಗಾಬರಿಯಾದರು. ವೇಷ ಅಂತ ಗೊತ್ತಾದ ಮೇಲೆ, "ಹಾಗಾದ್ರೆ ಸೈ. ಚೀಲ ತುಂಬ್ತಾ?" ಅಂದರು.

ನಮ್ಮ ಶಾಲೆಗಳಲ್ಲೂ ಛದ್ಮವೇಷದ ಸ್ಪರ್ಧೆ ಇರುತ್ತದೆ. ಪೇಟೆಯಿಂದ ಬಾಡಿಗೆ ಕಿರೀಟ ತಂದು, ಮಗುವಿಗೆ ಮಾತು ಬಾಯಿಪಾಠ ಮಾಡಿಸಿ ನಿಲ್ಲಿಸುತ್ತೇವೆ. ಯಾರಾಗಬೇಕು ಅಂತ ಮಗುವನ್ನೇ ಒಮ್ಮೆ ಕೇಳಿ ನೋಡಿ. ನಮಗೆ ಗೊತ್ತಿಲ್ಲದ ಎಷ್ಟೋ ವಿಷಯ ಆ ಉತ್ತರದಲ್ಲಿರುತ್ತದೆ.

ನವೆಂಬರ್ 1ರ ಬೆಳಿಗ್ಗೆ ಮಗಳು ಮತ್ತೆ ಟೋಪಿ ಎಳೆದುಕೊಂಡೇ ಹೋದಳು. ಒಂದು ದಿನದ ವೇಷದಿಂದ ಎಲ್ಲ ಸರಿಹೋಗುವುದಿಲ್ಲ. ಆದರೆ ಆ ಶನಿವಾರ ಇನ್ನೊಬ್ಬಳು ಇಲೆವೆನ್ ನಮ್ಮ ಮನೆಗೆ ಬಂದಳು. ಡಬ್ಬಿಯಲ್ಲಿ ಉಳಿದಿದ್ದ ವಾಫಲ್ ಬಿಸಿ ಮಾಡಿ, ಊರಿಂದ ತಂದಿದ್ದ ಜೋನಿ ಬೆಲ್ಲ ಸುರಿದು ಕೊಟ್ಟೆವು. ಇದು ಯಾವ ಅಂಗಡಿಯದು ಅಂತ ಆ ಹುಡುಗಿ ಕೇಳಿದಳು. ನಾವು ಬಾಯಿ ತೆರೆಯುವಷ್ಟರಲ್ಲಿ ಮಗಳೇ ಇಂಗ್ಲಿಷಿನಲ್ಲಿ ಶುರು ಮಾಡಿದಳು: ಕಬ್ಬು, ಗಾಣ, ಕೊಪ್ಪರಿಗೆ, ಅಜ್ಜಿ. ಬಾರದ ಮಾತುಗಳನ್ನು ಕನ್ನಡದಲ್ಲೇ ಹೇಳಿ ಮುಂದೆ ಹೋದಳು.